ಸ್ಮೈಲೋಡಾನ್ ತಲೆಬುರುಡೆ: ಕೋರೆಹಲ್ಲನ್ನು ಬಿಟ್ಟು ಇನ್ನೇನನ್ನು ನೋಡಬೇಕು?

ವಿಜ್ಞಾನದ ಮೇಷ್ಟ್ರು, ತಿಪಟೂರು

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಕಳೆದ ತಿಂಗಳು ಊರಿಗೆ ಬಂದಿದ್ದಾಗ, ಸ್ಮೈಲೋಡಾನ್ ಫಟಾಲಿಸ್ ಎಂಬ ಕತ್ತಿಹಲ್ಲಿನ ಬೆಕ್ಕಿನ ತಲೆಬುರುಡೆಯ ಪ್ರತಿಕೃತಿಯೊಂದನ್ನು ಶಾಲೆಗೆ ಕೊಟ್ಟುಹೋದರು. ಲಾಸ್ ಏಂಜಲೀಸಿನ ಡಾಂಬರು ಗುಂಡಿಗಳಲ್ಲಿ ಸಿಕ್ಕ ನಿಜವಾದ ಬುರುಡೆಯಿಂದ ಅಚ್ಚು ತೆಗೆದು ರೆಸಿನ್‌ನಲ್ಲಿ ಎರಕ ಹೊಯ್ದದ್ದು ಎಂದು ಜೊತೆಯ ಚೀಟಿಯಲ್ಲಿ ಬರೆದಿದೆ. ಕೆಳದವಡೆ ಬಿಡಿಯಾಗಿರುವುದರಿಂದ ಕೈಯಲ್ಲಿ ಹಿಡಿದು ಕೂಡಿಸಿ, ಬಿಡಿಸಿ ನೋಡಬಹುದು.

ಇಂಥ ಹಲ್ಲಿದ್ದ ಪ್ರಾಣಿಯ ಕಡಿತವು ಹುಲಿ, ಸಿಂಹಗಳ ಕಡಿತಕ್ಕಿಂತ ಎಷ್ಟೋ ಪಟ್ಟು ಬಲವಾಗಿದ್ದಿರಬೇಕು ಎಂದು ನಾನು ತರಗತಿಯಲ್ಲಿ ಹೇಳಿಬಿಟ್ಟೆ. ಆಮೇಲೆ ಮಕ್ಕಳು ಕೇಳಿದ ಪ್ರಶ್ನೆಗಳಿಂದ ನನ್ನ ಮಾತಿನ ಮೇಲೆ ನನಗೇ ಅನುಮಾನ ಹುಟ್ಟಿದೆ. ಬಾಯಿ ತೆರೆದರೂ ಮೇಲಿನ ಕೋರೆಯ ತುದಿ ಕೆಳದವಡೆಯ ಹತ್ತಿರವೇ ಉಳಿಯುವುದಾದರೆ ಮಾಂಸ ಒಳಗೆ ಹೋಗುವುದು ಹೇಗೆ ಎಂದು ಒಬ್ಬಳು ಕೇಳಿದಳು. ಹಲ್ಲು ಇಷ್ಟು ಚಪ್ಪಟೆಯಾಗಿದ್ದರೆ ಮುರಿಯುವುದಿಲ್ಲವೇ ಎಂದು ಇನ್ನೊಬ್ಬ ಕೇಳಿದ. ಮೂರನೆಯವನೊಬ್ಬ, ಕೋರೆಹಲ್ಲಿನ ನಡುವೆ ನುಣುಪು ಮುಗಿದು ಒರಟು ಶುರುವಾಗುವ ಗೆರೆಯೊಂದಿದೆ, ಅದು ಮೂಳೆಯಿಂದ ಮೂರು ನಾಲ್ಕು ಬೆರಳಷ್ಟು ಕೆಳಗಿದೆ, ಅದೇಕೆ ಎಂದು ಕೇಳಿದ. ನಾನು ಆ ಗೆರೆಯನ್ನು ಗಮನಿಸಿಯೇ ಇರಲಿಲ್ಲ. ಇಂಥ ಪ್ರಾಣಿ ನಮ್ಮ ದೇಶದಲ್ಲಿಯೂ ಇತ್ತೇ ಎಂಬುದು ಎಲ್ಲರ ಪ್ರಶ್ನೆಯಾಗಿತ್ತು. ಬಲ್ಲವರು ತಿಳಿಸಿಕೊಟ್ಟರೆ ಮಕ್ಕಳ ಮುಂದೆ ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ.

ಪಶುವೈದ್ಯೆ, ಹಾಸನ

ಮೇಷ್ಟ್ರೇ, ನಿಮ್ಮ ಮಕ್ಕಳು ಬುರುಡೆಯನ್ನು ನೋಡಬೇಕಾದ ರೀತಿಯಲ್ಲಿಯೇ ನೋಡಿದ್ದಾರೆ. ದನ, ನಾಯಿ, ಬೆಕ್ಕುಗಳ ಬಾಯಿ ತೆರೆದು ನೋಡುವುದು ನನ್ನ ದಿನದ ಕೆಲಸವಾದ್ದರಿಂದ, ನಾನು ಸ್ನಾಯುಗಳ ಕಡೆಯಿಂದ ಉತ್ತರ ಹೇಳುತ್ತೇನೆ.

ಮೊದಲು ಕೆಳದವಡೆಯನ್ನು ಕೈಗೆತ್ತಿಕೊಳ್ಳಿ. ಅದರ ಹಿಂತುದಿಯಲ್ಲಿ, ಕೀಲಿಗೆ ಸ್ವಲ್ಪ ಮುಂದೆ, ಮೇಲಕ್ಕೆ ಎದ್ದಿರುವ ಮೂಳೆಯ ಚಾಚು ಒಂದಿದೆ. ಅದನ್ನು ಕೊರೊನಾಯ್ಡ್ ಚಾಚು ಎನ್ನುತ್ತೇವೆ. ಕಣ್ಣಿನ ಹಿಂದಿನ ಗುಂಡಿಯಲ್ಲಿ ತುಂಬಿಕೊಂಡಿರುವ ಟೆಂಪೊರಾಲಿಸ್ ಎಂಬ ಸ್ನಾಯು ಬಂದು ಅಂಟುವುದು ಅಲ್ಲಿಗೆ. ಬಾಯಿ ಮುಚ್ಚುವ ಬಲದಲ್ಲಿ ದೊಡ್ಡ ಪಾಲು ಆ ಸ್ನಾಯುವಿನದು. ಸಿಂಹದಲ್ಲಿ ಆ ಚಾಚು ಎತ್ತರವಾಗಿ, ಕೊಡಲಿಯ ಅಲಗಿನಂತೆ ಅಗಲವಾಗಿ ನಿಂತಿರುತ್ತದೆ. ಸ್ಮೈಲೋಡಾನ್‌ನಲ್ಲಿ ಅದು ಗಿಡ್ಡಾಗಿ, ಮೊಟಕಾಗಿದೆ. ಸ್ನಾಯುವಿನ ಎಳೆಗಳು ಹಿಗ್ಗುವುದಕ್ಕೆ ಒಂದು ಮಿತಿಯಿದೆ. ಎತ್ತರದ ಚಾಚಿಗೆ ಅಂಟಿದ ಸ್ನಾಯು ಬಾಯಿ ಬಹಳ ಅಗಲವಾದಾಗ ಆ ಮಿತಿಯನ್ನು ದಾಟಬೇಕಾಗುತ್ತದೆ. ಚಾಚು ಗಿಡ್ಡಾದರೆ ಬಾಯಿ ಹೆಚ್ಚು ತೆರೆಯುತ್ತದೆ, ಆದರೆ ಸನ್ನೆಗೋಲು ಗಿಡ್ಡಾದಷ್ಟೂ ಬಲ ಕಡಿಮೆಯಾಗುತ್ತದೆ. ಅಂದರೆ ಈ ಪ್ರಾಣಿ ಕಡಿತದ ಬಲವನ್ನು ಬಿಟ್ಟುಕೊಟ್ಟು ಬಾಯಿಯ ಅಗಲವನ್ನು ಪಡೆದುಕೊಂಡಿದೆ. ಸಿಂಹ ತನ್ನ ಬಾಯಿಯನ್ನು 65ರಿಂದ 70 ಡಿಗ್ರಿಯವರೆಗೆ ತೆರೆಯಬಲ್ಲದು. ಸ್ಮೈಲೋಡಾನ್ ಸುಮಾರು 120 ಡಿಗ್ರಿಯವರೆಗೆ ತೆರೆಯುತ್ತಿತ್ತು ಎಂಬುದು ಅದರ ಕೀಲು ಮತ್ತು ಸ್ನಾಯುವಿನ ಗುರುತುಗಳನ್ನು ಅಳೆದವರ ಲೆಕ್ಕ. ಆಸ್ಟ್ರೇಲಿಯದ ಸಂಶೋಧಕರು 2007ರಲ್ಲಿ ಕಂಪ್ಯೂಟರಿನಲ್ಲಿ ಎರಡೂ ಬುರುಡೆಗಳ ಮಾದರಿ ಕಟ್ಟಿ ಪರೀಕ್ಷಿಸಿದಾಗ, ದವಡೆಯ ಸ್ನಾಯುಗಳಿಂದ ಮಾತ್ರ ಬರುವ ಸ್ಮೈಲೋಡಾನ್ ಕಡಿತವು ಅದೇ ಗಾತ್ರದ ಸಿಂಹದ ಕಡಿತದ ಸುಮಾರು ಮೂರನೆಯ ಒಂದು ಭಾಗದಷ್ಟೇ ಎಂದು ಕಂಡುಬಂತು. ನೀವು ತರಗತಿಯಲ್ಲಿ ಹೇಳಿದ ಮಾತನ್ನು ಇಲ್ಲಿ ತಿದ್ದಬೇಕಾಗುತ್ತದೆ.

ಹಾಗಾದರೆ ಹಲ್ಲನ್ನು ಒಳಗೆ ಇಳಿಸಿದ ಬಲ ಯಾವುದು? ಅದಕ್ಕೆ ಬುರುಡೆಯನ್ನು ಹಿಂದುಮುಂದಾಗಿ ಹಿಡಿದು ಕಿವಿಯ ರಂಧ್ರದ ಹಿಂದೆ, ಕೆಳಗೆ ನೋಡಿ. ಅಲ್ಲಿ ಮಾಸ್ಟಾಯ್ಡ್ ಎಂಬ ದಪ್ಪನೆಯ ಗುಬುಟು ಕೆಳಕ್ಕೂ ಮುಂದಕ್ಕೂ ಬೆಳೆದಿರುವುದು ಕಾಣುತ್ತದೆ. ಮನೆಯ ಬೆಕ್ಕಿನಲ್ಲಿ ಅದು ಬೆರಳಿಗೆ ಸಿಗುವುದೇ ಕಷ್ಟ. ಕತ್ತಿನ ಬಲವಾದ ಸ್ನಾಯುಗಳು ಬಂದು ಸೇರುತ್ತಿದ್ದುದು ಆ ಗುಬುಟಿಗೆ. ಅವು ಬಿಗಿದಾಗ ಇಡೀ ತಲೆ ಕೆಳಕ್ಕೆ ಬಾಗುತ್ತದೆ. ವಿಲಿಯಂ ಆಕರ್ಸ್ಟನ್ ಅವರು 1985ರಲ್ಲಿ ವಿವರಿಸಿದ ಕ್ರಮ ಹೀಗಿದೆ: ಮೊದಲು ಕೆಳದವಡೆ ಮಿಕದ ಚರ್ಮಕ್ಕೆ ಒತ್ತಿ ಆನಿಕೆಯಾಗಿ ನಿಲ್ಲುತ್ತದೆ, ಆಮೇಲೆ ಕತ್ತಿನ ಬಲದಿಂದ ತಲೆ ಇಳಿದು ಕೋರೆಗಳು ಒಳಹೊಗುತ್ತವೆ, ಕೊನೆಗೆ ತಲೆಯನ್ನು ಹಿಂದಕ್ಕೆ ಸೆಳೆದಾಗ ಮಾಂಸ ಹರಿಯುತ್ತದೆ. ನಮ್ಮ ಈಳಿಗೆಮಣೆಯಲ್ಲಿ ಅಲಗು ನಿಂತಿರುತ್ತದೆ, ತರಕಾರಿ ಚಲಿಸುತ್ತದೆ. ಇಲ್ಲಿ ಕೆಳದವಡೆ ಮಣೆಯಂತೆ ನಿಂತು, ಅಲಗನ್ನು ಹೊತ್ತ ತಲೆಯೇ ಚಲಿಸುತ್ತದೆ. ಅದಕ್ಕಾಗಿಯೇ ಈ ಬುರುಡೆಯ ಕಥೆ ಹಲ್ಲಿಗಿಂತ ಹೆಚ್ಚಾಗಿ ಕತ್ತಿನಲ್ಲಿದೆ ಎಂದು ನಾನು ನಂಬುತ್ತೇನೆ.

ಇನ್ನು ಆ ಗೆರೆ. ನುಣುಪಾಗಿರುವುದು ಎನಾಮಲ್, ಒರಟಾಗಿರುವುದು ಬೇರು. ಬದುಕಿದ್ದಾಗ ಬೇರಿನ ದೊಡ್ಡ ಪಾಲು ಮೇಲ್ದವಡೆಯ ಮೂಳೆಯೊಳಗೆ ಇರುತ್ತದೆ, ಅಂಚಿನ ಸ್ವಲ್ಪ ಭಾಗವನ್ನು ಒಸಡು ಮುಚ್ಚಿರುತ್ತದೆ. ಮೂರು ನಾಲ್ಕು ಬೆರಳಷ್ಟು ಬೇರು ಹೊರಗೆ ಕಾಣುತ್ತಿದ್ದರೆ ನಿಮ್ಮ ಪ್ರತಿಕೃತಿಯ ಮೂಲ ಬುರುಡೆಯಲ್ಲಿ ಹಲ್ಲು ಜಾರಿರಬೇಕು. ಈ ವಿಷಯದಲ್ಲಿ ವಸ್ತುಸಂಗ್ರಹಾಲಯವನ್ನು ಕಣ್ಣಾರೆ ನೋಡಿದವರು ಹೇಳಿದರೆ ಒಳ್ಳೆಯದು.

ದೂರದೂರಿನ ಕನ್ನಡತಿ, ಲಾಸ್ ಏಂಜಲೀಸ್

ಪಶುವೈದ್ಯರ ಊಹೆ ನನಗೂ ಸರಿ ಎನಿಸುತ್ತದೆ. ರ‍್ಯಾಂಚೊ ಲಾ ಬ್ರೆಯಾದ ಡಾಂಬರು ಗುಂಡಿಗಳು ನಮ್ಮ ಮನೆಯಿಂದ ದೂರವಿಲ್ಲ. ಹತ್ತಾರು ಬಾರಿ ಹೋಗಿದ್ದೇನೆ. ಪ್ರಾಣಿ ಸತ್ತು, ಒಸಡು ಮತ್ತು ಹಲ್ಲನ್ನು ಹಿಡಿದಿಟ್ಟ ಎಳೆಗಳು ಕೊಳೆತ ಮೇಲೆ, ಒಂದೇ ಬೇರಿನ ಬಾಗಿದ ಕೋರೆ ಗೂಡಿನಿಂದ ಜಾರಿ ಇಳಿಯುವುದು ಸುಲಭ. ಹಾಗೆ ಜಾರಿದ ಹಲ್ಲನ್ನು ಇದ್ದಲ್ಲಿಯೇ ಅಂಟಿಸಿದರೆ ಪ್ರಾಣಿಗೆ ಇಲ್ಲದ ಉದ್ದ ಬರುತ್ತದೆ. ಯಾವುದೇ ಚಿತ್ರವನ್ನೋ ಪ್ರತಿಕೃತಿಯನ್ನೋ ನೋಡುವಾಗ ನಾನು ಈಗ ಮೊದಲು ಎನಾಮಲ್ ಎಲ್ಲಿ ಮುಗಿಯುತ್ತದೆ ಎಂದು ಹುಡುಕುತ್ತೇನೆ. ನಿಮ್ಮ ವಿದ್ಯಾರ್ಥಿ ತಾನಾಗಿಯೇ ಅದನ್ನು ಕಂಡುಕೊಂಡಿದ್ದಾನೆ ಎಂಬುದು ನನಗೆ ತುಂಬ ಸಂತೋಷ ಕೊಟ್ಟಿತು.

ಈ ಜಾಗದ ಬಗ್ಗೆಯೂ ಸ್ವಲ್ಪ ಹೇಳಬೇಕು. ಇಲ್ಲಿ ನೆಲದಾಳದ ಕಚ್ಚಾ ಎಣ್ಣೆ ಬಿರುಕುಗಳಿಂದ ಮೇಲೆ ಒಸರಿ, ಹಗುರವಾದ ಅಂಶ ಆವಿಯಾಗಿ, ಅಂಟು ಡಾಂಬರಾಗಿ ಉಳಿಯುತ್ತದೆ. ಅದರ ಮೇಲೆ ಎಲೆ, ದೂಳು ಮುಚ್ಚಿದಾಗ ಕಾಲಿಟ್ಟ ಪ್ರಾಣಿಗೆ ಗೊತ್ತಾಗುವುದಿಲ್ಲ. ಕಾಡುಕೋಣದಂಥ ಬೈಸನ್ ಒಂದು ಸಿಕ್ಕಿಕೊಂಡರೆ, ಅದನ್ನು ತಿನ್ನಲು ಬಂದ ಬೇಟೆಗಾರ ಪ್ರಾಣಿಗಳು ಒಂದರ ಹಿಂದೆ ಒಂದು ಸಿಕ್ಕಿಕೊಳ್ಳುತ್ತಿದ್ದವು. ಆದ್ದರಿಂದಲೇ ಇಲ್ಲಿ ಸಿಕ್ಕ ಸಸ್ತನಿಗಳಲ್ಲಿ ಸುಮಾರು 90 ಪ್ರತಿಶತ ಮಾಂಸಾಹಾರಿಗಳು. ಈಗ ಅಳಿದುಹೋಗಿರುವ ಡೈರ್ ತೋಳಗಳು ಎಲ್ಲಕ್ಕಿಂತ ಹೆಚ್ಚು. ಎರಡನೆಯ ಸ್ಥಾನ ಸ್ಮೈಲೋಡಾನ್‌ನದು, 2,000ಕ್ಕೂ ಹೆಚ್ಚು ಪ್ರಾಣಿಗಳ ಮೂಳೆಗಳಿವೆ. ಈ ಜಾಗ ಆಗ ಹ್ಯಾಂಕಾಕ್ ಕುಟುಂಬದ ಜಮೀನಾಗಿತ್ತು. 1875ರಲ್ಲಿ ವಿಲಿಯಂ ಡೆಂಟನ್ ಇಲ್ಲಿಂದ ಪಡೆದ ಕೋರೆಹಲ್ಲೊಂದು ಕತ್ತಿಹಲ್ಲಿನ ಬೆಕ್ಕಿನದೆಂದು ಗುರುತಿಸಿದರು. ಆದರೂ ದೊಡ್ಡ ಅಗೆತ ನಡೆದದ್ದು 1913ರಿಂದ 1915ರವರೆಗೆ.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಬಣ್ಣ. ಪಳೆಯುಳಿಕೆ ಎಂದರೆ ಕಲ್ಲಾದ ಮೂಳೆ ಎಂದು ಎಣಿಸಿದ್ದೆ. ಇಲ್ಲಿನವು ಕಲ್ಲಾಗಿಲ್ಲ, ಡಾಂಬರು ಹೀರಿ ಕಾಫಿಯ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ ನಿಜವಾದ ಮೂಳೆಗಳೇ. ಒಳಗಿನ ಕೊಲಾಜೆನ್ ಎಂಬ ಪ್ರೋಟೀನು ಉಳಿದಿರುವುದರಿಂದಲೇ ಇಂಗಾಲದ ವಿಧಾನದಿಂದ ವಯಸ್ಸು ಗೊತ್ತುಮಾಡಲು ಆಗಿದೆ. ಇಲ್ಲಿಯ ಸ್ಮೈಲೋಡಾನ್‌ಗಳು ಸುಮಾರು 13,000 ವರ್ಷಗಳ ಹಿಂದೆ ಮರೆಯಾದವು.

ಮರಿಗಳ ಬುರುಡೆಗಳು ಇನ್ನೂ ಸೋಜಿಗವಾಗಿವೆ. ಕತ್ತಿಯಂಥ ಹಾಲುಹಲ್ಲು ಬೀಳುವ ಮೊದಲೇ ಅದರ ಪಕ್ಕದಲ್ಲಿ ಶಾಶ್ವತ ಕೋರೆ ಇಳಿಯಲು ತೊಡಗುತ್ತದೆ. 2015ರ ಅಧ್ಯಯನವೊಂದರ ಪ್ರಕಾರ ಆ ಕೋರೆ ತಿಂಗಳಿಗೆ ಸುಮಾರು 6 ಮಿಲಿಮೀಟರಿನಂತೆ ಬೆಳೆದು, ಪೂರ್ಣವಾಗುವ ಹೊತ್ತಿಗೆ ಪ್ರಾಣಿಗೆ ಮೂರು ವರ್ಷವಾಗುತ್ತಿತ್ತು, ಮತ್ತು ಹಲವು ತಿಂಗಳು ಎರಡೂ ಹಲ್ಲುಗಳು ಜೊತೆಯಲ್ಲಿಯೇ ಇರುತ್ತಿದ್ದವು. ಹೊಸ ಹಲ್ಲು ಗಟ್ಟಿಯಾಗುವವರೆಗೆ ಹಳೆಯದು ಪಕ್ಕದಲ್ಲಿ ಊರೆಯಾಗಿ ನಿಂತಿತ್ತೆಂದು ಈಚಿನ ಸಂಶೋಧಕರು ವಾದಿಸುತ್ತಾರೆ.

ಕಾಡಂಚಿನವನು, ಗುಂಡ್ಲುಪೇಟೆ

ಪಶುವೈದ್ಯರೇ, ನಿಮ್ಮ ವಿವರಣೆಯನ್ನು ಎರಡು ಸಲ ಓದಿದೆ. ಆದರೂ ಒಂದು ಅನುಮಾನವಿದೆ. ಹುಲಿ ಕಡವೆಯನ್ನು ಕೆಡವಿದಾಗ ಗಂಟಲನ್ನು ಕಚ್ಚಿ, ಉಸಿರು ನಿಲ್ಲುವವರೆಗೆ ಬಿಡದೆ ಹಿಡಿದಿರುತ್ತದೆ. ಅದಕ್ಕೆ ಬೇಕಾದದ್ದು ದವಡೆಯ ಬಲವೇ. ಸಿಂಹದ ಮೂರನೆಯ ಒಂದು ಭಾಗದಷ್ಟು ಬಲವಿರುವ ಪ್ರಾಣಿ ಬೈಸನ್ನನ್ನು ಹಾಗೆ ಹಿಡಿಯುವುದು ಸಾಧ್ಯವೇ? ಮಿಕ ಒದ್ದಾಡಿದರೆ ಆ ತೆಳುವಾದ ಹಲ್ಲು ಮುರಿಯದೇ? ಇಷ್ಟು ಅಪಾಯದ ಆಯುಧವನ್ನು ಪ್ರಕೃತಿ ಉಳಿಸಿಕೊಂಡು ಬಂದದ್ದೇಕೆ?

ಪಶುವೈದ್ಯೆ, ಹಾಸನ

ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರದ ಅರ್ಧವಿದೆ. ಹುಲಿಯಂತೆ ಹಿಡಿದಿಡುವುದು ಅದರಿಂದ ಆಗದ ಮಾತು, ಮತ್ತು ಅದಕ್ಕೆ ಹಾಗೆ ಮಾಡುವ ಅಗತ್ಯವೂ ಇರಲಿಲ್ಲ. ಕತ್ತಿನ ಕೆಳಭಾಗದಲ್ಲಿ ದೊಡ್ಡ ರಕ್ತನಾಳಗಳೂ ಶ್ವಾಸನಾಳವೂ ಒಟ್ಟಾಗಿ ಸಾಗುತ್ತವೆ. ಅವು ಒಮ್ಮೆಗೇ ಹರಿದರೆ ಎಷ್ಟು ದೊಡ್ಡ ಪ್ರಾಣಿಯೂ ಬಹಳ ಹೊತ್ತು ನಿಲ್ಲಲಾರದು. ಉಸಿರುಗಟ್ಟಿಸಿ ಕೊಲ್ಲುವಾಗ ಬೇಟೆಗಾರ ಅಪಾಯದಲ್ಲಿರುವ ಹೊತ್ತು ಹೆಚ್ಚು, ಸೀಳಿ ಕೊಲ್ಲುವಾಗ ಕಡಿಮೆ.

ಹಲ್ಲು ಮುರಿಯುವ ಮಾತು ನಿಜ. ಸಿಂಹದ ಕೋರೆಯನ್ನು ಅಡ್ಡಕ್ಕೆ ಕೊಯ್ದರೆ ಹೆಚ್ಚುಕಡಿಮೆ ದುಂಡಗೆ ಕಾಣುತ್ತದೆ, ಯಾವ ಕಡೆಯಿಂದ ಎಳೆದರೂ ತಡೆಯುತ್ತದೆ. ಸ್ಮೈಲೋಡಾನ್‌ನದು ಚಪ್ಪಟೆ, ಹಿಂದುಮುಂದಿನ ಎಳೆತವನ್ನು ಚೆನ್ನಾಗಿ ತಡೆಯುತ್ತದೆ, ಪಕ್ಕದ ಎಳೆತವನ್ನು ತಡೆಯುವುದಿಲ್ಲ. ಆದ್ದರಿಂದ ಕಚ್ಚುವ ಮೊದಲು ಮಿಕವನ್ನು ನೆಲಕ್ಕೆ ಒತ್ತಿ ಅಲುಗಾಡದಂತೆ ಮಾಡಬೇಕಿತ್ತು, ಆ ಕೆಲಸ ಮುಂಗಾಲುಗಳದು. ಅದರ ಮುಂಗಾಲಿನ ಮೇಲ್ಭಾಗದ ಮೂಳೆಗಳ ಎಕ್ಸ್-ರೇ ತೆಗೆದು ಅಳೆದವರು, ಅವುಗಳ ಗೋಡೆ ಇಂದಿನ ಯಾವ ಬೆಕ್ಕಿಗೂ ಇಲ್ಲದಷ್ಟು ದಪ್ಪವಾಗಿದೆ ಎಂದು ತೋರಿಸಿದ್ದಾರೆ. ಲಾ ಬ್ರೆಯಾದ ಮೂಳೆಗಳಲ್ಲಿನ ಪೆಟ್ಟುಗಳನ್ನು ಎಣಿಸಿದ 2017ರ ಅಧ್ಯಯನವೂ ಇದಕ್ಕೆ ಒಪ್ಪುತ್ತದೆ: ಓಡಿಸಿ ಹಿಡಿಯುವ ಡೈರ್ ತೋಳಗಳಿಗೆ ಗಾಯಗಳು ಕಾಲುಗಳಲ್ಲಿ, ಮೇಲೆರಗಿ ಸೆಣಸುವ ಸ್ಮೈಲೋಡಾನ್‌ಗೆ ಭುಜದ ಸುತ್ತ ಮತ್ತು ಸೊಂಟದ ಬೆನ್ನೆಲುಬಿನಲ್ಲಿ. ನಮ್ಮ ಆಸ್ಪತ್ರೆಗೆ ಬರುವ ಎತ್ತಿನ ಹೆಗಲ ಗಾಯ ನೋಡಿ ಅದರ ದುಡಿಮೆಯನ್ನು ಹೇಳುವಂತೆ, ಆ ಮೂಳೆಗಳನ್ನು ನೋಡಿ ಅವುಗಳ ಬದುಕನ್ನು ಹೇಳಬಹುದು.

ಮೇಷ್ಟ್ರೇ, ಮಕ್ಕಳಿಗೆ ಬಾಚಿಹಲ್ಲುಗಳನ್ನೂ ತೋರಿಸಿ. ಅವು ಸಿಂಹದಂತೆ ಒಂದೇ ಸಾಲಿನಲ್ಲಿರದೆ ಕೋರೆಗಳ ಮುಂದಕ್ಕೆ ಕಮಾನಾಗಿ ಚಾಚಿವೆ. ಕೋರೆ ಅಡ್ಡ ಬರದಂತೆ ಮಾಂಸವನ್ನು ಕಚ್ಚಿ ಎಳೆಯಲು ಅವು. ತುಂಡು ಮಾಡಲು ಕೆನ್ನೆಯ ಬದಿಯ ಅಲಗುಹಲ್ಲುಗಳು. ತಿನ್ನುವುದು ಹೇಗೆ ಎಂದು ಕೇಳಿದ ಹುಡುಗಿಗೆ ಉತ್ತರ ಅಲ್ಲಿದೆ.

ದೂರದೂರಿನ ಕನ್ನಡತಿ, ಲಾಸ್ ಏಂಜಲೀಸ್

ಒಂದು ಮಾತು ಸೇರಿಸುತ್ತೇನೆ. ಕೋರೆ ಮೂಳೆಗೆ ತಾಗಿದರೆ ಮುರಿದೇಹೋಗುತ್ತಿತ್ತು ಎಂದು ಬಹುಕಾಲ ನಂಬಲಾಗಿತ್ತು. 2019ರಲ್ಲಿ ಅರ್ಜೆಂಟೀನದ ಸಂಶೋಧಕರು ಸ್ಮೈಲೋಡಾನ್ ಪಾಪುಲೇಟರ್ ಜಾತಿಯ ಎರಡು ಬುರುಡೆಗಳನ್ನು ವಿವರಿಸಿದರು. ಅವುಗಳ ಮೂಗು ಮತ್ತು ಹಣೆಯ ನಡುವೆ ಮೊಟ್ಟೆಯಾಕಾರದ ತೂತುಗಳಿದ್ದು, ಇನ್ನೊಂದು ಸ್ಮೈಲೋಡಾನ್‌ನ ಕೋರೆ ಆ ಅಳತೆಗೆ ಹೊಂದುತ್ತದೆ. ತಮ್ಮತಮ್ಮಲ್ಲಿ ಕಾದಾಡುವಾಗ ಆದ ಗಾಯ ಎಂಬುದು ಅವರ ವಾದ. ಹಾಗಾಗಿ ಆ ಹಲ್ಲನ್ನು ಗಾಜಿನ ಬಳೆಯಷ್ಟು ನಾಜೂಕು ಎಂದುಕೊಳ್ಳಬೇಕಾಗಿಲ್ಲ.

ಅವು ಗುಂಪಿನಲ್ಲಿ ಬದುಕುತ್ತಿದ್ದವೇ ಎಂಬ ವಾದ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಸೊಂಟದ ಕೀಲು ಹುಟ್ಟಿನಿಂದಲೇ ಕೆಟ್ಟಿದ್ದ ಒಂದು ಸ್ಮೈಲೋಡಾನ್ ದೊಡ್ಡದಾಗುವವರೆಗೆ ಬದುಕಿತ್ತು ಎಂದು 2021ರಲ್ಲಿ ತಿಳಿದುಬಂತು; ಜೊತೆಗಾರರು ಹೊಟ್ಟೆಗೆ ಹಾಕದಿದ್ದರೆ ಅದು ಬದುಕುತ್ತಿತ್ತೇ ಎಂದು ಕೆಲವರು ಕೇಳುತ್ತಾರೆ. ನನಗೆ ಆ ವಾದ ಇಷ್ಟವಾದರೂ, ಒಂದು ಪ್ರಾಣಿಯ ಕುಂಟು ಕಾಲಿನ ಮೇಲೆ ಅಷ್ಟು ಭಾರ ಹೊರಿಸಲು ಮನಸ್ಸು ಒಪ್ಪುವುದಿಲ್ಲ.

ನಿವೃತ್ತ ಭೂವಿಜ್ಞಾನಿ, ಧಾರವಾಡ

ನಮ್ಮ ದೇಶದ ಪ್ರಶ್ನೆ ಹಾಗೆಯೇ ಉಳಿದಿದೆ, ಅದನ್ನು ನಾನು ತೆಗೆದುಕೊಳ್ಳುತ್ತೇನೆ. ಅದಕ್ಕೂ ಮೊದಲು ಹೆಸರಿನ ವಿಷಯ. ಕನ್ನಡದಲ್ಲಿ ಇದನ್ನು ಕತ್ತಿಹಲ್ಲಿನ ಹುಲಿ ಎಂದು ಬರೆಯುವುದು ರೂಢಿಯಾಗಿದೆ. ಮೇಷ್ಟ್ರು ಬೆಕ್ಕು ಎಂದು ಬರೆದದ್ದು ಸರಿಯಾಗಿದೆ. ಹುಲಿ, ಸಿಂಹ, ಮನೆಯ ಬೆಕ್ಕು ಎಲ್ಲವೂ ಒಂದು ಕವಲು. ಈ ಕತ್ತಿಹಲ್ಲಿನವು ಸುಮಾರು 2 ಕೋಟಿ ವರ್ಷಗಳ ಹಿಂದೆಯೇ ಬೇರೆಯಾದ ಇನ್ನೊಂದು ಕವಲು ಎಂದು ಪ್ರಾಚೀನ ಡಿಎನ್‌ಎ ಹೇಳುತ್ತದೆ. ಹುಲಿಗೆ ನಮ್ಮ ಮನೆಯ ಬೆಕ್ಕು ಹತ್ತಿರದ ನಂಟು, ಸ್ಮೈಲೋಡಾನ್ ದೂರದ ನಂಟು.

ಬುರುಡೆ ಸಿಗದೆ ಹಲ್ಲು ಮಾತ್ರ ಸಿಕ್ಕಾಗ ಎಂಥ ದೊಡ್ಡವರೂ ತಪ್ಪಿದ್ದಾರೆ. ಯೂರೋಪಿನಲ್ಲಿ ಸಿಕ್ಕ ಇಂಥ ಕೋರೆಗಳನ್ನು 1824ರಲ್ಲಿ ಫ್ರಾನ್ಸಿನ ಹೆಸರಾಂತ ಪ್ರಾಣಿವಿಜ್ಞಾನಿ ಕುವಿಯೆ ಅವರು ಒಂದು ಬಗೆಯ ಕರಡಿಯ ಹಲ್ಲೆಂದು ಭಾವಿಸಿ ಹೆಸರಿಟ್ಟರು. ಬ್ರೆಜಿಲ್ಲಿನ ಲಾಗೋವ ಸಾಂತಾ ಗುಹೆಗಳಲ್ಲಿ ಕೆಲಸ ಮಾಡಿದ ಡೆನ್ಮಾರ್ಕಿನ ಪೀಟರ್ ವಿಲ್ಹೆಲ್ಮ್ ಲುಂಡ್ ಅವರು ಮೊದಲು ಕೆಲವೇ ಹಲ್ಲುಗಳನ್ನು ನೋಡಿ ಕತ್ತೆಕಿರುಬ ಎಂದುಕೊಂಡಿದ್ದರು; ಹೆಚ್ಚಿನ ಮೂಳೆಗಳು ಕೈಸೇರಿದ ಮೇಲೆ 1842ರಲ್ಲಿ ಸ್ಮೈಲೋಡಾನ್ ಎಂಬ ಹೆಸರನ್ನು ಕೊಟ್ಟರು. ಅವರ ಪಾಪುಲೇಟರ್ ಜಾತಿಯೇ ಎಲ್ಲಕ್ಕಿಂತ ದೊಡ್ಡದು. ಬೇರೂ ಸೇರಿ ಅದರ ಕೋರೆ ಸುಮಾರು 28 ಸೆಂಟಿಮೀಟರ್ ಇರುತ್ತದೆ.

ಸ್ಮೈಲೋಡಾನ್ ಅಮೆರಿಕ ಖಂಡಗಳದು. ಅದು ಭಾರತದಲ್ಲಿ ಇರಲಿಲ್ಲ. ಆದರೆ ಅದರ ಹತ್ತಿರದ ನೆಂಟನಾದ ಮೆಗಾಂಟೆರಿಯನ್ ಶಿವಾಲಿಕ ಬೆಟ್ಟಗಳಲ್ಲಿತ್ತು. ಹಿಮಾಲಯದಿಂದ ಇಳಿದ ನದಿಗಳು ಕೋಟಿಗಟ್ಟಲೆ ವರ್ಷ ಹೊತ್ತು ತಂದು ಹಾಸಿದ ಮರಳು ಮತ್ತು ಮಣ್ಣಿನ ಪದರಗಳೇ ಆ ಬೆಟ್ಟಗಳು. 1830ರ ದಶಕದಲ್ಲಿ ಸಹಾರನಪುರದ ಸಸ್ಯೋದ್ಯಾನದ ಮೇಲ್ವಿಚಾರಕರಾಗಿದ್ದ ಹ್ಯೂ ಫಾಲ್ಕನರ್ ಮತ್ತು ಕಾಲುವೆಯ ಎಂಜಿನಿಯರ್ ಪ್ರಾಬಿ ಕಾಟ್ಲಿ ಅವರು ಅಲ್ಲಿಂದ ರಾಶಿ ರಾಶಿ ಮೂಳೆಗಳನ್ನು ಹೊರತೆಗೆದರು. 1837ರಲ್ಲಿ ಇಬ್ಬರಿಗೂ ಲಂಡನ್ನಿನ ಭೂವಿಜ್ಞಾನ ಸಂಘದ ವುಲಸ್ಟನ್ ಪದಕ ದೊರೆಯಿತು. ಶಿವಾಲಿಕದ ಕತ್ತಿಹಲ್ಲಿನ ಬೆಕ್ಕಿಗೆ ಮೆಗಾಂಟೆರಿಯನ್ ಫಾಲ್ಕನೆರಿ ಎಂಬ ಹೆಸರು ಬಂದದ್ದು ಅವರಿಂದಲೇ. ಹಿಮಾಚಲ ಪ್ರದೇಶದ ನಾಹನ್ ಹತ್ತಿರದ ಸುಕೇತಿಯಲ್ಲಿ ಇಂದು ಪಳೆಯುಳಿಕೆ ಉದ್ಯಾನವಿದೆ.

ಕರ್ನಾಟಕದ ನೆಲದಲ್ಲಿ ಹೆಚ್ಚಿನ ಪಾಲು ಇನ್ನೂರು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯ ಬಂಡೆ. ಉತ್ತರದಲ್ಲಿ ಲಾವಾ ಹರಿದು ಹಾಸಿದ ಕಪ್ಪು ಕಲ್ಲು. ಇವೆರಡರಲ್ಲಿಯೂ ಇಂಥ ಮೂಳೆ ಹುಡುಕಿ ಪ್ರಯೋಜನವಿಲ್ಲ. ಉಳಿಯುವುದು ನದಿಗಳ ಮೆಕ್ಕಲು. ಗೋಕಾಕದ ಹತ್ತಿರ ಅಂಥ ಮೆಕ್ಕಲಿನಲ್ಲಿಯೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರಿಗೆ ಅಳಿದುಹೋದ ಘೇಂಡಾಮೃಗದ ಮೂಳೆಗಳು ಸಿಕ್ಕಿ, 1874ರಲ್ಲಿ ಅದನ್ನು ಡೆಕ್ಕನೆನ್ಸಿಸ್ ಎಂಬ ಜಾತಿಯಾಗಿ ವರ್ಣಿಸಿದರು. ಕತ್ತಿಹಲ್ಲು ಸಿಗದಿದ್ದರೂ ಆ ಕಾಲದ ದೊಡ್ಡ ಪ್ರಾಣಿಯೊಂದು ನಮ್ಮ ರಾಜ್ಯದಲ್ಲಿಯೇ ಸಿಕ್ಕಿದೆ ಎಂದು ಮಕ್ಕಳಿಗೆ ಧಾರಾಳವಾಗಿ ಹೇಳಬಹುದು.

ಕಾಡಂಚಿನವರು ಕೇಳಿದ ಕೊನೆಯ ಪ್ರಶ್ನೆಗೆ ಒಂದು ಉದಾಹರಣೆ. ದಕ್ಷಿಣ ಅಮೆರಿಕದ ಥೈಲಕೋಸ್ಮೈಲಸ್ ಬೆಕ್ಕೇ ಅಲ್ಲ, ಹೊಟ್ಟೆಚೀಲದ ಪ್ರಾಣಿಗಳ ದಾಯಾದಿ. ಅದಕ್ಕೂ ಕತ್ತಿಹಲ್ಲು ಬಂದಿತ್ತು. ಹಲ್ಲಿನ ಬೇರು ಕಣ್ಣುಗುಳಿಯ ಮೇಲಿನವರೆಗೆ ಬಾಗಿ ಹೋಗಿದೆ, ಕೆಳದವಡೆಯಲ್ಲಿ ಕತ್ತಿಗೆ ಒರೆಯಿದ್ದಂತೆ ಉದ್ದನೆಯ ಮೂಳೆ ಇಳಿದಿದೆ. ಸಂಬಂಧವೇ ಇಲ್ಲದ ಕುಲಗಳಲ್ಲಿ ಮತ್ತೆ ಮತ್ತೆ ಮೂಡಿದ ಆಯುಧವನ್ನು ಬರಿಯ ಅಪಾಯವೆಂದು ತಳ್ಳಿಹಾಕಲು ಬರುವುದಿಲ್ಲ.

ಪಶುವೈದ್ಯೆ, ಹಾಸನ

ಕತ್ತಿನ ಬಗ್ಗೆ ನಾನು ಬರೆದದ್ದಕ್ಕೆ ಬುರುಡೆಯಾಚೆಯ ಸಾಕ್ಷ್ಯವೂ ಸಿಕ್ಕಿದೆ. 2020ರಲ್ಲಿ ಸೈಬೀರಿಯದ ಯಾಕುತಿಯಾದಲ್ಲಿ ಬಡ್ಯಾರಿಖಾ ನದಿಯ ಬಳಿ, ಹೋಮೋಥೀರಿಯಂ ಎಂಬ ಇನ್ನೊಂದು ಕತ್ತಿಹಲ್ಲಿನ ಬೆಕ್ಕಿನ ಮರಿಯ ಹೆಪ್ಪುಗಟ್ಟಿದ ದೇಹ ಸಿಕ್ಕಿತು. ಅದರ ವಿವರ 2024ರಲ್ಲಿ ಪ್ರಕಟವಾಯಿತು. 35,000 ವರ್ಷಗಳಿಗೂ ಹಳೆಯದಾದ, ಮೂರು ವಾರದ ಆ ಮರಿಯ ಮೈಮೇಲೆ ಕಡುಕಂದು ತುಪ್ಪಳ ಹಾಗೆಯೇ ಇದೆ. ಅದೇ ವಯಸ್ಸಿನ ಸಿಂಹದ ಮರಿಯೊಂದಿಗೆ ಹೋಲಿಸಿದಾಗ ಅದರ ಕತ್ತಿನ ದಪ್ಪ ಎರಡು ಪಟ್ಟಿಗೂ ಹೆಚ್ಚು. ಹಲ್ಲು ಬರುವ ಮೊದಲೇ ಕತ್ತು ಬಂದಿತ್ತು.

ವಿಜ್ಞಾನದ ಮೇಷ್ಟ್ರು, ತಿಪಟೂರು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆಯ ತರಗತಿಯಲ್ಲಿ ಮೊದಲು ನನ್ನ ತಪ್ಪನ್ನು ಹೇಳಿ, ಆಮೇಲೆ ಬುರುಡೆಯನ್ನು ಮೇಜಿನ ಮೇಲಿಟ್ಟೆವು. ಮಕ್ಕಳು ರಟ್ಟಿನಲ್ಲಿ ದೊಡ್ಡ ಕೋನಮಾಪಕ ಮಾಡಿ, ಕೆಳದವಡೆಯನ್ನು ಕೀಲಿನಲ್ಲಿ ಕೂಡಿಸಿ, ಸಿಂಹದಂತೆ 65 ಡಿಗ್ರಿ ತೆರೆದರು. ಕೋರೆಯ ತುದಿಗೂ ಕೆಳದವಡೆಗೂ ನಡುವೆ ಉಳಿದ ಜಾಗ ನಾಲ್ಕು ಬೆರಳು. ನಂತರ 110 ಡಿಗ್ರಿಗೆ ತೆರೆದಾಗ ಅದು ಒಂದು ಗೇಣಿಗೆ ಹತ್ತಿರವಾಯಿತು. ಅದಕ್ಕಿಂತ ಮುಂದೆ ಹೋದರೆ ರೆಸಿನ್ ದವಡೆ ಕೀಲಿನಿಂದ ಜಾರುತ್ತಿತ್ತು, ಅಲ್ಲಿಗೇ ನಿಲ್ಲಿಸಿದೆವು.

ಗೆರೆಯನ್ನು ಕಂಡ ಹುಡುಗ ಎನಾಮಲ್ ಮುಗಿಯುವ ಜಾಗದಿಂದ ಹಲ್ಲಿನ ತುದಿಯವರೆಗೆ ದಾರ ಹಿಡಿದು ಅಳೆದು, ಅಷ್ಟನ್ನೇ ಉಳಿಸಿ ಬುರುಡೆಯ ಚಿತ್ರವನ್ನು ಮತ್ತೆ ಬರೆದಿದ್ದಾನೆ. ಈಗ ಅವನ ಚಿತ್ರದಲ್ಲಿ ಹಲ್ಲು ಗಿಡ್ಡಾಗಿದೆ, ಕತ್ತು ದಪ್ಪವಾಗಿದೆ. ಬಾಯಿ ಮುಚ್ಚಿದಾಗ ಕೋರೆ ತುಟಿಯ ಒಳಗೆ ಅಡಗುತ್ತಿತ್ತೇ, ಹೊರಗೆ ಕಾಣುತ್ತಿತ್ತೇ ಎಂದು ತಿಳಿಯದೆ ತುಟಿಯ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದಾನೆ.

ದೂರದೂರಿನ ಕನ್ನಡತಿ, ಲಾಸ್ ಏಂಜಲೀಸ್

ಸ್ಮೈಲೋಡಾನ್‌ಗೆ ಹೊರಗೆ ಕಾಣುತ್ತಿತ್ತು, ಹೋಮೋಥೀರಿಯಂಗೆ ತುಟಿಯೊಳಗೆ ಅಡಗುತ್ತಿತ್ತು ಎಂಬುದು 2022ರ ಅಧ್ಯಯನದ ತೀರ್ಮಾನ. ಅವನು ಕೋರೆಯನ್ನು ತುಟಿಯ ಹೊರಗೇ ಬರೆಯಲಿ. ಚಿತ್ರ ಮುಗಿದ ಮೇಲೆ ಇಲ್ಲಿ ಹಾಕಲು ಹೇಳಿ, ಮೇಷ್ಟ್ರೇ.